ಲಗ್ನಕ್ಕ ಬ್ಯಾಂಡ್ ಹೇಳೋ ಮುಂಚೆ ಈ ಲೆಕ್ಕ ತಿಳ್ಕೊಳ್ರಿ: ಬಾರಿಸೋರ ಕೈಗೆ ಉಳಿಯೋದು ಎಷ್ಟು?

ಯಲವಿಗಿ (ಸವಣೂರು ತಾ.): ಮದುವಿ ಹಾಲ್ ಬಾಡಿಗಿ ಎಷ್ಟು, ಊಟಕ್ಕ ತಲಿಗೆ ಎಷ್ಟು ಅಂತ ಕೇಳಿದ್ರ ನಮ್ಮ ಕಡೆ ಯಾರಾದ್ರೂ ಥಟ್ ಅಂತ ಹೇಳ್ತಾರ. ಆದ್ರ ಬ್ಯಾಂಡ್‌ನವರಿಗೆ ಕೊಟ್ಟ ರೊಕ್ಕದಾಗ ಡ್ರಮ್ ಹೊತ್ತಾಂವ ಮನಿಗೆ ಎಷ್ಟು ಒಯ್ತಾನ ಅಂದ್ರ ಹೇಳೋರು ಕಡಿಮಿ. ಬ್ಯಾಂಡ್ ಹೇಳೋ ಮನಿಯವರಿಗೂ, ಬಾರಿಸಾಕ ಹೋಗಬೇಕು ಅನ್ನೋ ಹುಡುಗರಿಗೂ ಉಪಯೋಗ ಆಗಲಿ ಅಂತ ಈ ವಿವರ.

ಸೀಜನ್ ಅಂದ್ರ ಎಷ್ಟು ದಿನ?

ಆಷಾಢದಾಗ ಲಗ್ನ ಇಲ್ಲ. ಪಿತೃಪಕ್ಷದಾಗ ಇಲ್ಲ. ಧನುರ್ಮಾಸದಾಗ ಇಲ್ಲ. ಗುರು, ಶುಕ್ರ ಅಸ್ತ ಆದ್ರ ಮತ್ತಷ್ಟು ದಿನ ಖಾಲಿ. ತುಳಸಿ ಲಗ್ನ ಆದ ಮ್ಯಾಲೆ ಸ್ವಲ್ಪ ದಿನ, ಆಮೇಲೆ ಮಾಘದಿಂದ ಜ್ಯೇಷ್ಠದವರೆಗೆ, ಇಷ್ಟರಾಗೇ ವರ್ಷದ ದುಡಿಮಿ ಮುಗೀಬೇಕು. ನಡುವೆ ಜಾತ್ರಿ, ಗಣಪತಿ, ಬಸವ ಜಯಂತಿ, ಅಂಬೇಡ್ಕರ್ ಜಯಂತಿ, ಕನಕ ಜಯಂತಿ ಮೆರವಣಿಗೆಗಳು ಸಿಕ್ಕರ ಅನುಕೂಲ.

ಇನ್ನೊಂದು ತೊಂದರಿ ಅಂದ್ರ, ಒಳ್ಳೆ ಮುಹೂರ್ತದ ದಿನ ಎಲ್ಲಾ ಊರಾಗೂ ಲಗ್ನ. ಅವತ್ತು ಹೊರಗಿಂದ ಬಾರಿಸೋರನ್ನ ಕರೆಸಬೇಕು. ಯಲವಿಗಿ ಹುಬ್ಬಳ್ಳಿ–ಹಾವೇರಿ ರೈಲು ದಾರಿಯಲ್ಲೇ ಇರೋದರಿಂದ ಬರಾಕ ಹೋಗಾಕ ಸುಲಭ. ಆದ್ರ ಅಂಥ ದಿನ ಯಾರಿಗೂ ಎರಡು ಲಗ್ನ ಹಿಡಿಯೋಕಾಗಲ್ಲ. ಮರುದಿನ ಎಲ್ಲರೂ ಮನ್ಯಾಗ ಕುಂತಿರ್ತಾರ.

ಹದಿನೈದು ಸಾವಿರ ಎಲ್ಲಿ ಹೋಗ್ತೈತಿ?

ಲೆಕ್ಕ ತಿಳಿಯಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ರೇಟು ಕಂಪನಿಯಿಂದ ಕಂಪನಿಗೆ ಬೇರೆ ಇರ್ತದ, ಹಂಚೋ ರೀತಿ ಹೆಚ್ಚೂ ಕಡಿಮಿ ಹಿಂಗ.

ಮಾಲಕರು ಸೇರಿ 12 ಜನರ ಬ್ಯಾಂಡ್, 15,000 ರೂಪಾಯಿಗೆ ಮಾತಾಡಿದ್ರು ಅನ್ರಿ. ಗಾಡಿ ಬಾಡಿಗಿ, ಡೀಸೆಲ್‌ಗೆ 3,000 ಹೋದ್ರ ಉಳಿದದ್ದು 12,000. ಇದನ್ನ ಪಾಲು ಮಾಡ್ತಾರ. ಮಾಲಕರಿಗೆ ಬಾರಿಸಿದ್ದಕ್ಕ ಒಂದು, ವಾದ್ಯ-ಡ್ರೆಸ್ ಖರ್ಚಿಗೆ ಎರಡು, ಒಟ್ಟು ಮೂರು ಪಾಲು. ಮುಂದ ನಿಂತು ಹಾಡು ಹಿಡಿಯೋ ಕ್ಲಾರಿಯೋನೆಟ್‌ನವರಿಗೆ ಎರಡು. ಉಳಿದ ಹತ್ತು ಜನಕ್ಕ ಒಂದೊಂದು. ಒಟ್ಟು 15 ಪಾಲು, ಪಾಲಿಗೆ 800 ರೂಪಾಯಿ. ವರ್ಷಕ್ಕ ಇಂಥ 40 ತಾರೀಖು ಸಿಕ್ಕರೂ ಡ್ರಮ್‌ನವನಿಗೆ ಆಗೋದು 32,000. ಅದಕ್ಕೇ ಬಾಕಿ ದಿನ ಹೊಲ, ಗೌಂಡಿ ಕೆಲಸ, ಹಮಾಲಿ ಅಂತ ಬೇರೆ ದುಡಿಮಿ ಮಾಡಲೇಬೇಕು.

ಈಗ ತಡ ಆದ್ರ ಏನಾಗ್ತದ ನೋಡ್ರಿ. 6 ತಾಸು ಅಂತ ಮಾತಾಗಿದ್ರ ತಾಸಿಗೆ 133 ರೂಪಾಯಿ ಬಿತ್ತು. ಬೀಗರ ಗಾಡಿ ತಡ, ಫೋಟೋ ತಡ, ಕುಣಿಯೋರು ಬಿಡಲಿಲ್ಲ ಅಂತ 10 ತಾಸು ಆದ್ರ ಅದು 80ಕ್ಕ ಇಳೀತು. ರೇಟು ಇಳಿಸಾಕ ಜಗ್ಗಾಡಿದ್ದಕ್ಕಿಂತ ಹೆಚ್ಚು ರೊಕ್ಕ ಹಿಂಗ ಹೋಗ್ತದ. ಅದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ಓವಾಳಿಸಿದ ನೋಟು ಸಿಗ್ತಾವ ಅಂತೀರಿ. ಅದೂ ಹಾಡು ಬಾರಿಸೋರ ಕೈಗೆ ಮೊದಲು ಬರ್ತದ. ಹಂಚಬೇಕೋ ಬ್ಯಾಡೋ ಅಂತ ಜಗಳ ಆಗೋದು ಅಲ್ಲೇ.

ವೀಳ್ಯ ಕೊಟ್ಟ ಮ್ಯಾಲೆ ರದ್ದಾದ್ರ?

ಎಲಿ-ಅಡಿಕಿ ಮ್ಯಾಲೆ ಸ್ವಲ್ಪ ರೊಕ್ಕ ಇಟ್ಟು ಕೊಟ್ಟರ ಮಾತು ಗಟ್ಟಿ ಆದಂಗ. ಎಲಿಗೆ ಹೆಸರಾದ ಸವಣೂರು ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ವೀಳ್ಯ ಹಿಡಿದ ಬ್ಯಾಂಡ್‌ನವರು ಆ ದಿನ ಬೇರೆಯವರಿಗೆ ಇಲ್ಲ ಅಂತಾರ. ಲಗ್ನ ಮುಂದಕ್ಕ ಹೋದ್ರ ಮನಿಯವರಿಗೆ ಇನ್ನೊಂದು ಮುಹೂರ್ತ ಐತಿ. ಬಾರಿಸೋರಿಗೆ ಬಿಟ್ಟುಕೊಟ್ಟ ತಾರೀಖು ವಾಪಸ್ ಬರಂಗಿಲ್ಲ. 2020ರಾಗ ಲಾಕ್‌ಡೌನ್ ಶುರುವಾಗಿದ್ದು ಮಾರ್ಚ್ 25, ಯುಗಾದಿ ದಿನವೇ. ಸೀಜನ್ ಏರೋ ಹೊತ್ತು. ಆಮೇಲೆ ಲಗ್ನಕ್ಕ 50 ಜನ ಅಂತ ನಿಯಮ ಬಂತು. 50 ಜನರ ಲಗ್ನಕ್ಕ 12 ಜನರ ಬ್ಯಾಂಡ್ ಯಾರು ಕರೀತಾರ?

ಮತ್ತ್ಯಾಕ ಬಾರಿಸ್ತಾರ?

ಸಂಕಟ ಇಷ್ಟಿದ್ದರೂ ಬಿಡದೇ ಇರೋದಕ್ಕ ಕಾರಣ ಐತಿ. ಈ ಭಾಗದಾಗ ಮೊದಲಿಂದ ಸನಾದಿ, ಸಂಬಾಳ, ಹಲಗಿ ಇದ್ದವು. ಬ್ರಿಟಿಷರ ಪಲ್ಟನ್ನಿನ ವಾದ್ಯಗಳು ಅರಮನೆಗೆ ಬಂದು, ಆಮೇಲೆ ಲಗ್ನದ ಮನಿಗೆ ಬಂದವು. ಮೈಸೂರು ಅರಮನೆ ಬ್ಯಾಂಡ್‌ನಾಗ ಸ್ಯಾಕ್ಸೋಫೋನ್ ಕೇಳಿ ಮನಸೋತ ಹುಡುಗನೇ ಮುಂದೆ ಕದ್ರಿ ಗೋಪಾಲನಾಥ್ ಆದರು. 1977ರ ‘ಸನಾದಿ ಅಪ್ಪಣ್ಣ’ ಸಿನಿಮಾಕ್ಕ ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದರು.

ಡಿಜೆ ಕಡೆಯಿಂದ ಆಗದ ಕೆಲಸವೂ ಒಂದೈತಿ. ಗುಡಿ ಮುಂದ ಬಂದಾಗ ದೇವರ ಹಾಡು ಎತ್ತೋದು, ಅಜ್ಜ-ಅಜ್ಜಿ ಹೆಜ್ಜಿ ಹಾಕಿದ್ರ ತಾಳ ನಿಧಾನ ಮಾಡೋದು, ಸಾವಾದ ಮನಿ ಮುಂದ ಸುಮ್ಮನೆ ದಾಟೋದು. ಎದುರಿಗಿರೋ ಮಂದಿ ಮುಖ ನೋಡಿ ಬಾರಿಸೋ ವಿದ್ಯೆ ಇದು. ಬೀಗರನ್ನ ಎದುರುಗೊಳ್ಳುವಾಗ ಒಂದು ಹಾಡಿಗೆ ಎರಡೂ ಕಡೆಯವರು ಕೂಡಿ ಕುಣಿದ್ರ ಆ ಖುಷಿ ಬಾರಿಸೋರಿಗೂ ಇರ್ತದ.

ಕಿವಿ, ತುಟಿ ಜೋಪಾನ

ತುತ್ತೂರಿ ಊದೋರಿಗೆ ಎರಡು ತಾಸಿಗೇ ತುಟಿ ಸೋಲ್ತಾವ. ಮೇ ತಿಂಗಳ ಬಿಸಲಾಗ ಕೋಟು, ಟೋಪಿ ಬ್ಯಾರೆ. ಕಿವಿಯ ಲೆಕ್ಕ ಇನ್ನೂ ಕಟ್ಟುನಿಟ್ಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಾಳಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧ ಆಗ್ತದ. 100 ಡೆಸಿಬಲ್‌ಗೆ ಬರೇ 15 ನಿಮಿಷ. ಡ್ರಮ್ ಪಕ್ಕ ನಿಲ್ಲೋರು ಕಿವಿಗೆ ಪ್ಲಗ್ ಇಟ್ಟುಕೊಂಡರ ನಾಚಿಕಿ ಏನಿಲ್ಲ.

ಕಾನೂನು ಏನು ಹೇಳ್ತೈತಿ?

* 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಚ್ಚುವಂತಿಲ್ಲ. 2010ರ ತಿದ್ದುಪಡಿ ನಂತರ ವಾದ್ಯಗಳಿಗೂ ಇದು ಅನ್ವಯ.
* ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಮಾಡಲು ನಿಯಮದಾಗ ಅವಕಾಶ ಐತಿ. ಅಲ್ಲಿ ಬಾರಿಸೋದು ನಿಲ್ಲಿಸಿ ದಾಟಬೇಕು.
* ಲಗ್ನದ ಮೆರವಣಿಗೆಯಲ್ಲಿ ಸಿನಿಮಾ ಹಾಡು ಬಾರಿಸಲು ರಾಯಲ್ಟಿ ಕಟ್ಟಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52(1)(ಜಡ್‌ಎ) ವಿನಾಯಿತಿ ಕೊಟ್ಟಿದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿದೆ. ಅಂಗಡಿಕಾರರು ಗಮನಿಸಿ: ಉದ್ಘಾಟನೆ, ಪ್ರಚಾರಕ್ಕೆ ಈ ಲಗ್ನದ ವಿನಾಯಿತಿ ಅನ್ವಯಿಸುವುದಿಲ್ಲ.

ಬಾರಿಸೋರು ಮಾಡಬೇಕಾದ್ದು: 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರು ಇ-ಶ್ರಮ್ ನೋಂದಣಿ ಪುಕ್ಕಟೆ ಮಾಡಿಸಬಹುದು. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸಾವಾದ್ರ 2 ಲಕ್ಷ ವಿಮೆ ಸಿಗುತ್ತದೆ. ರಾತ್ರಿ ಟೆಂಪೋದಾಗ ಓಡಾಡೋರಿಗೆ ಇದು ಬೇಕೇ ಬೇಕು.

ಮನಿಯವರು ಮಾಡಬೇಕಾದ್ದು: ವೀಳ್ಯ ಕೊಡುವಾಗ ಒಂದು ಹಾಳ್ಯಾಗ ನಾಕು ಸಾಲು ಬರೀರಿ. ಎಷ್ಟು ಜನ, ಎಷ್ಟು ತಾಸು, ಹೆಚ್ಚಿನ ತಾಸಿಗೆ ಎಷ್ಟು, ರದ್ದಾದ್ರ ಎಷ್ಟು. ಊಟ ಕಡೀ ಪಂಕ್ತಿಗೆ ಬಿಡದೇ ಹೊತ್ತಿಗೆ ಹಾಕ್ರಿ. ಬಾಕಿ ರೊಕ್ಕ ನಾಳೆ ಬಾ ಅನ್ನದೇ, ಗಾಡಿ ಹತ್ತೋ ಮುಂಚೆ ಕೈಗೆ ಕೊಡ್ರಿ.