ಕಾಶಿಗೆ ಹೊರಟಿದ್ದೀರಾ? ಮೊದಲು ಮ್ಯಾಪಿನಲ್ಲಿ ಓಡಾಡಿ ಬನ್ನಿ

‘ಕೈಕಾಲು ಗಟ್ಟಿ ಇರೋವಾಗಲೇ ಒಂದ್ಸಲ ಕಾಶಿ ನೋಡ್ಬೇಕಮ್ಮ’ ಅಂತ ಅತ್ತೆ ಎಷ್ಟು ವರ್ಷದಿಂದ ಹೇಳ್ತಾ ಇದ್ದಾರೋ! ಯಜಮಾನರಿಗೆ ರಜೆ ಸಿಗೋಲ್ಲ, ಮಕ್ಕಳಿಗೆ ಪರೀಕ್ಷೆ. ‘ನಾವಿಬ್ಬರೇ ಹೋಗಿಬರೋಣ’ ಅನ್ನೋ ಮಾತು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತುಬಿಡುತ್ತೆ. ಗೊತ್ತಿಲ್ಲದ ಊರು, ಅರ್ಧಂಬರ್ಧ ಹಿಂದಿ, ಜೊತೆಗೆ ಮಂಡಿನೋವಿನ ಹಿರಿಯರು. ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟ ಕೂಡಲೇ ‘ಎಲ್ಲಿಗೆ, ಎಲ್ಲಿಗೆ’ ಅಂತ ಮುತ್ತಿಕೊಳ್ಳುವ ಆಟೋದವರಿಗೆ ಏನು ಹೇಳೋದು?

ಈ ಅಳುಕಿನಲ್ಲಿ ಮುಕ್ಕಾಲು ಪಾಲು ಕಡಿಮೆ ಮಾಡುವ ಸಾಧನ ನಿಮ್ಮ ಮೊಬೈಲಿನಲ್ಲೇ ಇದೆ. 2005ರಲ್ಲಿ ಶುರುವಾದ ಗೂಗಲ್ ಮ್ಯಾಪ್ಸ್ ಅನ್ನು ಈಗ ಕನ್ನಡದಲ್ಲೇ ಬಳಸಬಹುದು. ಆದರೆ ದಾರಿ ತಪ್ಪಿ ಬೀದಿಯಲ್ಲಿ ನಿಂತ ಮೇಲೆ ಅದನ್ನು ತೆರೆಯುವವರೇ ಹೆಚ್ಚು. ಹೊರಡುವುದಕ್ಕೆ ಒಂದು ವಾರ ಮೊದಲೇ, ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ ಅರ್ಧ ಗಂಟೆ ಕೂತು ನೋಡಿ. ಊರು ಅರ್ಧ ಪರಿಚಯವಾಗಿಬಿಡುತ್ತೆ.

ಇಳಿಯೋದು ಯಾವ ಸ್ಟೇಷನ್?

ಟಿಕೆಟ್ ಕೈಯಲ್ಲಿ ಹಿಡಿದುಕೊಂಡೇ ಮ್ಯಾಪ್ ತೆರೆಯಿರಿ. ಕಾಶಿಯಲ್ಲಿ ಸ್ಟೇಷನ್ ಒಂದಲ್ಲ. ವಾರಾಣಸಿ ಜಂಕ್ಷನ್ ಒಂದು, ಇದನ್ನು ಕ್ಯಾಂಟ್ ಅಂತಲೂ ಕರೀತಾರೆ. ಬನಾರಸ್ ಇನ್ನೊಂದು. ಮೊದಲು ಮಂಡುವಾಡೀಹ್ ಅಂತಿದ್ದ ಇದರ ಹೆಸರು ಬದಲಾದದ್ದು 2021ರಲ್ಲಿ. ಬೆಂಗಳೂರಿನಿಂದ ಹೊರಡುವ ಸಂಘಮಿತ್ರಾ ಎಕ್ಸ್‌ಪ್ರೆಸ್ ಹತ್ತಿದರೆ ನೀವು ಇಳಿಯಬೇಕಾದ್ದು ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್. ಹಿರಿಯರ ಬಾಯಲ್ಲಿ ಅದು ಇನ್ನೂ ಮೊಘಲ್‌ಸರಾಯ್. ಹೆಸರು ಬದಲಾಗಿದ್ದು 2018ರಲ್ಲಿ. ಅದಿರೋದು ಗಂಗೆಯ ಆಚೆ ದಡದಲ್ಲಿ, ಊರಿಗೆ ಸುಮಾರು 16 ಕಿ.ಮೀ. ದೂರ. ವಿಮಾನದಲ್ಲಿ ಹೋಗುವವರಿಗೆ ಬಾಬತ್‌ಪುರದ ನಿಲ್ದಾಣದಿಂದ ಊರು ಸುಮಾರು 25 ಕಿ.ಮೀ.

ಸ್ಟೇಷನ್ನಿನಿಂದ ನಿಮ್ಮ ವಸತಿಗೆ ದಾರಿ ಹಾಕಿ ನೋಡಿ. ಹೊರಡುವ ಹೊತ್ತನ್ನು ರೈಲು ತಲುಪುವ ಹೊತ್ತಿಗೇ ಹೊಂದಿಸಿದರೆ ಎಷ್ಟು ಸಮಯ ಹಿಡಿಯಬಹುದು ಅಂತಲೂ ತೋರಿಸುತ್ತೆ. ದೂರ ಗೊತ್ತಿದ್ದವರು ಬಾಡಿಗೆ ಮಾತಾಡುವ ಧಾಟಿಯೇ ಬೇರೆ!

ಗಂಗೆಯನ್ನೇ ಗುರುತಾಗಿಟ್ಟುಕೊಳ್ಳಿ

ಕಾಶಿಯ ನಕ್ಷೆ ಮನಸ್ಸಿನಲ್ಲಿ ಕೂರಿಸಿಕೊಳ್ಳೋದು ಕಷ್ಟವಲ್ಲ. ಗಂಗೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಘಾಟ್‌ಗಳೆಲ್ಲ ಪಶ್ಚಿಮ ದಡದಲ್ಲಿ, ಬಿಲ್ಲು ಬಾಗಿಸಿದ ಹಾಗೆ ಸಾಲಾಗಿವೆ. ದಕ್ಷಿಣದ ತುದಿಯಲ್ಲಿ ಅಸ್ಸಿ ಘಾಟ್. ಉತ್ತರಕ್ಕೆ ಬರುತ್ತಾ ಹನುಮಾನ್ ಘಾಟ್, ಹರಿಶ್ಚಂದ್ರ ಘಾಟ್, ಕೇದಾರ ಘಾಟ್, ಆಮೇಲೆ ಸಂಜೆ ಆರತಿಯ ದಶಾಶ್ವಮೇಧ, ಇನ್ನೂ ಮುಂದೆ ಮಣಿಕರ್ಣಿಕಾ. ಹನುಮಾನ್ ಘಾಟ್ ಪಕ್ಕ ನಮ್ಮ ಕರ್ನಾಟಕದ ಹೆಸರಿನದೇ ಒಂದು ಘಾಟ್ ಇದೆ. ಹನುಮಾನ್ ಘಾಟ್, ಕೇದಾರ ಘಾಟ್ ಸುತ್ತಮುತ್ತ ದಕ್ಷಿಣದವರ ವಾಸ ಹೆಚ್ಚು. ಹರಿಶ್ಚಂದ್ರ ಮತ್ತು ಮಣಿಕರ್ಣಿಕಾ ಶವಸಂಸ್ಕಾರದ ಘಾಟ್‌ಗಳು. ಹೊಗೆ, ಚಿತೆ ನೋಡಿ ಹಿರಿಯರ ಮನಸ್ಸು ಕಲಕುತ್ತೆ ಅನ್ನಿಸಿದರೆ, ವಸತಿ ಅವುಗಳಿಗೆ ತಾಗಿಕೊಂಡಿದೆಯಾ ಅಂತ ಬುಕ್ ಮಾಡುವ ಮೊದಲೇ ನೋಡಿಕೊಳ್ಳಬಹುದು.

ಕೊನೆಯ ನೂರು ಹೆಜ್ಜೆ

ಮಂಡಿನೋವಿನವರಿಗೆ ಹತ್ತು ಕಿಲೋಮೀಟರ್ ಆಟೋಗಿಂತ ಕೊನೆಯ ನೂರು ಹೆಜ್ಜೆಯೇ ಕಷ್ಟ. ಕಾಶಿಯ ಗಲ್ಲಿಗಳು ಕಿರಿದು. ವಿಶ್ವನಾಥನ ಗುಡಿಯ ಕಡೆಗೆ ಹೋಗುವ ವಾಹನಗಳು ಸಾಮಾನ್ಯವಾಗಿ ಗೋದೌಲಿಯಾ ವೃತ್ತದ ಆಸುಪಾಸಿನಲ್ಲೇ ಇಳಿಸುತ್ತವೆ. ಆಮೇಲೆ ನಡಿಗೆಯೇ. ಆದ್ದರಿಂದ ‘ಘಾಟಿಗೆ ಹತ್ತಿರ’ ಅನ್ನೋ ಜಾಹೀರಾತನ್ನು ನಂಬಿ ಕೂರಬೇಡಿ. ಮ್ಯಾಪಿನಲ್ಲಿ ನಡೆಯುವ ಮನುಷ್ಯನ ಚಿತ್ರ ಒತ್ತಿ, ವಾಹನ ನಿಲ್ಲುವ ಜಾಗದಿಂದ ವಸತಿಯ ಬಾಗಿಲಿಗೆ ಎಷ್ಟು ದೂರ ಅಂತ ಅಳೆಯಿರಿ.

ಹಾಗಂತ ಮ್ಯಾಪಿಗೆ ಎಲ್ಲ ಗೊತ್ತು ಅಂದುಕೊಳ್ಳಬೇಡಿ. ‘ಐದು ನಿಮಿಷದ ನಡಿಗೆ’ ಅಂತ ಅದು ಹೇಳುವ ದಾರಿಯಲ್ಲಿ ಕಡಿದಾದ ಮೆಟ್ಟಿಲುಗಳಿರಬಹುದು. ಅದಕ್ಕೇ ಆ ಜಾಗದ ಫೋಟೋಗಳನ್ನು ನೋಡಿ. ಜನ ಬರೆದ ಅಭಿಪ್ರಾಯಗಳಲ್ಲಿ ‘ಲಿಫ್ಟ್’, ‘ಸ್ಟೆಪ್ಸ್’ ಅನ್ನೋ ಪದಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಹುಡುಕಿ. ಅನುಮಾನ ಉಳಿದರೆ ಫೋನ್ ಮಾಡಿ, ‘ಗಾಡಿ ಬಾಗಿಲ ತನಕ ಬರುತ್ತಾ? ರೂಮಿಗೆ ಎಷ್ಟು ಮೆಟ್ಟಿಲು?’ ಅಂತ ನೇರವಾಗಿ ಕೇಳಿ. ಮಳೆಗಾಲದಲ್ಲಿ ಗಂಗೆ ಉಕ್ಕಿದಾಗ ಘಾಟ್‌ಗಳ ಮೆಟ್ಟಿಲೇ ಮುಳುಗುತ್ತವೆ, ದೋಣಿ ನಿಲ್ಲುತ್ತೆ. ಆಗ ಘಾಟಿನಿಂದ ಘಾಟಿಗೆ ದಡದಲ್ಲೇ ನಡೆದು ಹೋಗುವ ಲೆಕ್ಕಾಚಾರ ಕೆಲಸಕ್ಕೆ ಬಾರದು.

ಮನೆಯಲ್ಲೇ ಮಾಡಿಕೊಳ್ಳಿ

* ಸ್ಟೇಷನ್, ವಸತಿ, ಗುಡಿ, ಹತ್ತಿರದ ಔಷಧಿ ಅಂಗಡಿ, ಆಸ್ಪತ್ರೆ, ಎರಡು ಸಸ್ಯಾಹಾರಿ ಊಟದ ಹೋಟೆಲ್, ಇಷ್ಟನ್ನು ಹುಡುಕಿ ‘ಸೇವ್’ ಮಾಡಿ.

* ಮನೆಯ ವೈಫೈ ಇರುವಾಗಲೇ ವಾರಾಣಸಿಯ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ನೆಟ್ ಇಲ್ಲದಿದ್ದರೂ ನೀವಿರುವ ಜಾಗದ ನೀಲಿ ಚುಕ್ಕೆ ಕಾಣುತ್ತೆ. ಆದರೆ ನೆಟ್ ಇಲ್ಲದಾಗ ಸಿಗೋದು ವಾಹನದ ದಾರಿ ಮಾತ್ರ, ನಡಿಗೆಯ ದಾರಿ ಸಿಗೋಲ್ಲ. ಗಲ್ಲಿಯ ದಾರಿ ಕಾಣುವ ಪರದೆಯ ಫೋಟೋ, ಅಂದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

* ಮನೆಯವರ ಜೊತೆ ‘ಲೊಕೇಶನ್ ಶೇರಿಂಗ್’ ಹಾಕೋದನ್ನು ಇಲ್ಲೇ ಅಭ್ಯಾಸ ಮಾಡಿ. ಅವಧಿಯನ್ನು ನೀವೇ ಆರಿಸಬಹುದು, ಬೇಡವಾದಾಗ ನಿಲ್ಲಿಸಬಹುದು. ನೆನಪಿಡಿ, ಇದಕ್ಕೆ ನೆಟ್ ಬೇಕೇ ಬೇಕು.

* ಆಟೋದಲ್ಲಿ ಕೂತ ಮೇಲೆ ಮ್ಯಾಪ್ ತೆರೆದಿಟ್ಟುಕೊಳ್ಳಿ. ಸ್ವಲ್ಪ ದಾರಿ ಬದಲಾದ ಮಾತ್ರಕ್ಕೆ ಗಾಬರಿ ಬೇಡ, ಒನ್‌ವೇ ಇರಬಹುದು. ನೀಲಿ ಚುಕ್ಕೆ ವಸತಿಯಿಂದ ದೂರ ದೂರ ಸರಿಯುತ್ತಿದ್ದರೆ ಮಾತ್ರ ಗಟ್ಟಿಯಾಗಿ ಕೇಳಿ.

ಫೋನ್ ಇಲ್ಲದಾಗ ಚೀಟಿ

ಇಷ್ಟೆಲ್ಲ ಮಾಡಿದ ಮೇಲೂ ಒಂದು ಹೊತ್ತಿನಲ್ಲಿ ಫೋನ್ ಕೈಯಲ್ಲಿರೋದಿಲ್ಲ. ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಬಿಡೋಲ್ಲ, ಹೊರಗೆ ಲಾಕರಿನಲ್ಲಿಟ್ಟೇ ಹೋಗಬೇಕು. 2021ರ ಡಿಸೆಂಬರಿನಲ್ಲಿ ಕಾರಿಡಾರ್ ಉದ್ಘಾಟನೆಯಾದ ಮೇಲೆ ಗುಡಿಯ ಆವರಣ ಗಂಗೆಯ ದಡದವರೆಗೂ ಹರಡಿಕೊಂಡಿದೆ, ಗೇಟುಗಳೂ ಹಲವಾರು. ಒಂದು ಗೇಟಿನಲ್ಲಿ ಒಳಗೆ ಹೋಗಿ ಇನ್ನೊಂದರಲ್ಲಿ ಹೊರಗೆ ಬಂದರೆ, ನೂಕುನುಗ್ಗಲಲ್ಲಿ ಅತ್ತೆ ಒಂದು ಕಡೆ ಸೊಸೆ ಒಂದು ಕಡೆ ಆಗೋದಕ್ಕೆ ಎಷ್ಟು ಹೊತ್ತು?

ಹಾಗಾಗಿ ಮ್ಯಾಪ್ ನೋಡಿ ಕಲಿತದ್ದನ್ನು ಎರಡು ಚೀಟಿಯಲ್ಲಿ ಬರೆಯಿರಿ. ವಸತಿಯ ಹೆಸರು ಮತ್ತು ವಿಳಾಸ ಹಿಂದಿಯಲ್ಲಿ, ಹತ್ತಿರದ ಘಾಟ್, ನಿಮ್ಮ ಮತ್ತು ಮನೆಯವರ ಫೋನ್ ನಂಬರ್ ಅದರಲ್ಲಿರಲಿ. ಲಾಕರಿನ ಜಾಗ, ಒಳಗೆ ಹೋದ ಗೇಟಿನ ನಂಬರ್, ತಪ್ಪಿಸಿಕೊಂಡರೆ ಸೇರಬೇಕಾದ ಜಾಗ, ಇವನ್ನು ಅಲ್ಲಿ ಹೋದ ಮೇಲೆ ಬರೆದುಕೊಳ್ಳಲು ಸ್ವಲ್ಪ ಜಾಗ ಬಿಡಿ. ಒಂದು ಚೀಟಿ ನಿಮ್ಮ ಪರ್ಸಿನಲ್ಲಿ, ಇನ್ನೊಂದು ಹಿರಿಯರ ಸೊಂಟದ ಚೀಲದಲ್ಲಿ. ಪೆನ್ನು ಮರೆಯಬೇಡಿ!