ಗೈಡ್ ಇಲ್ಲದೆ ಯುರೋಪ್ ಸುತ್ತಿದರೆ...

ಬರ್ಲಿನ್ ನಗರದ ಮೆಟ್ರೊ ನಿಲ್ದಾಣಗಳಲ್ಲಿ ಗೇಟುಗಳೇ ಇಲ್ಲ. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಕಾರ್ಡನ್ನೋ ಟೋಕನ್ನನ್ನೋ ತೋರಿಸಿದ ಮೇಲಷ್ಟೇ ಬಾಗಿಲು ತೆರೆದುಕೊಳ್ಳುತ್ತದೆ. ಅಲ್ಲಿ ಮೆಟ್ಟಿಲು ಇಳಿದರೆ ನೇರ ಪ್ಲಾಟ್‌ಫಾರ್ಮ್. ರೈಲು ಬಂತು, ಹತ್ತಿದಿರಿ, ಇಳಿದಿರಿ; ಯಾರೂ ಏನೂ ಕೇಳಲಿಲ್ಲ. ‘ಹಾಗಾದರೆ ಟಿಕೆಟ್ ಯಾಕೆ ತಗೋಬೇಕು?’ ಎಂದು ಮಕ್ಕಳು ಕೇಳುವುದು ಸಹಜ. ಒಂಬತ್ತು ವರ್ಷದ ನಮ್ಮ ಮಗನೂ ಕೇಳಿದ.

ಇದಕ್ಕೆ ಉತ್ತರ ಎರಡು. ಸಣ್ಣ ಉತ್ತರ: ಸಾದಾ ಉಡುಪಿನ ತಪಾಸಣೆಯವರು ಯಾವಾಗ ಬೇಕಾದರೂ ಬರಬಹುದು, ಟಿಕೆಟ್ ಇಲ್ಲದಿದ್ದರೆ 60 ಯುರೋ ದಂಡ. ದೊಡ್ಡ ಉತ್ತರ: ನೀವು ಟಿಕೆಟ್ ಕೊಂಡಿರುತ್ತೀರಿ ಎಂದು ಆ ಊರು ನಂಬಿದೆ. ಯುರೋಪಿನಲ್ಲಿ ಸ್ವಂತವಾಗಿ ತಿರುಗಾಡುವಾಗ ಮತ್ತೆ ಮತ್ತೆ ಎದುರಾಗುವುದು ಈ ದೊಡ್ಡ ಉತ್ತರವೇ. ಅಲ್ಲಿ ನಿಮ್ಮನ್ನು ತಡೆಯುವವರು ಕಡಿಮೆ. ಹಾಗೆಯೇ, ನೆನಪಿಸುವವರೂ ಕಡಿಮೆ.

ಪ್ಯಾಕೇಜ್ ಟೂರಿನಲ್ಲಿ ನೆನಪಿಸುವ ಕೆಲಸವನ್ನು ಟೂರ್ ಮ್ಯಾನೇಜರ್ ಮಾಡುತ್ತಾರೆ. ಬಸ್ಸು ಹೋಟೆಲಿನ ಬಾಗಿಲಿಗೇ ಬರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಅದೇ ವಾಸಿ. ಆದರೆ ಮಕ್ಕಳನ್ನು ಕರೆದುಕೊಂಡು ನಾವೇ ಹೊರಟರೆ ಆ ಕೆಲಸಗಳೆಲ್ಲ ಮನೆಮಂದಿಗೆ ಹಂಚಿಹೋಗುತ್ತವೆ. ಪ್ರವಾಸದ ನಿಜವಾದ ಲಾಭ ಇರುವುದು ಆ ಹಂಚಿಕೆಯಲ್ಲೇ.

ಬೋಗಿಯ ಹಣೆಬರಹ ಓದಿ

ಟಿಕೆಟ್ ಕೊಂಡರಷ್ಟೇ ಸಾಲದು. ಇಟಲಿಯ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟನ್ನು ಹತ್ತುವ ಮೊದಲೇ ನಿಲ್ದಾಣದ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದ ಟಿಕೆಟ್ಟನ್ನು ಮತ್ತೊಮ್ಮೆ ಬಳಸಬಹುದಲ್ಲ! ಹಾಗಾಗಿ ಹಣ ಕೊಟ್ಟಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ.

ಇನ್ನು ಜರ್ಮನಿಯಲ್ಲಿ ಒಂದೇ ರೈಲು ದಾರಿಯ ನಡುವೆ ಎರಡು ಭಾಗವಾಗಿ, ಮುಂದಿನ ಬೋಗಿಗಳು ಒಂದೂರಿಗೆ, ಹಿಂದಿನವು ಇನ್ನೊಂದೂರಿಗೆ ಹೋಗುವುದುಂಟು. ಪ್ಲಾಟ್‌ಫಾರ್ಮ್ ಸರಿಯಿದ್ದು, ರೈಲು ಸರಿಯಿದ್ದು, ಬೋಗಿ ಮಾತ್ರ ತಪ್ಪಿದರೂ ಊರು ತಪ್ಪುತ್ತದೆ. ನಮ್ಮಲ್ಲಿ ಬೋರ್ಡು ಓದುವ ಜವಾಬ್ದಾರಿ ಹದಿಮೂರರ ಮಗಳದಾಗಿತ್ತು. ಒಂದು ಸಂಜೆ ಸಾಮಾನು ಎತ್ತಿಕೊಂಡು ಎಲ್ಲರೂ ಎದುರಿನ ಬಾಗಿಲಿನತ್ತ ನಡೆದಾಗ ಅವಳು ತಡೆದಳು. ಬೋಗಿಯ ಪಕ್ಕದಲ್ಲಿ ಬರೆದಿದ್ದ ಊರಿನ ಹೆಸರು ಬೇರೆ. ನಾಲ್ಕು ಬೋಗಿ ಹಿಂದಕ್ಕೆ ಓಡಿ ಹತ್ತಿದೆವು. ಅಂದಿನಿಂದ ರೈಲಿನ ವಿಚಾರದಲ್ಲಿ ಮನೆಯ ಯಜಮಾನಿಕೆ ಅವಳದೇ!

ಸಮಯದ ಪಾಠಕ್ಕೆ ಸ್ವಿಟ್ಜರ್ಲೆಂಡಿನ ರೈಲು ನಿಲ್ದಾಣದ ಗಡಿಯಾರ ತೋರಿಸಿ. ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ 1944ರಲ್ಲಿ ಅದನ್ನು ರೂಪಿಸಿದರು. ಮುಂದೆ ಸೇರಿಸಿದ ಅದರ ಕೆಂಪು ಸೆಕೆಂಡಿನ ಮುಳ್ಳು ಸುಮಾರು 58 ಸೆಕೆಂಡಿನಲ್ಲೇ ಸುತ್ತು ಮುಗಿಸಿ, ಹನ್ನೆರಡರ ಬಳಿ ಚಣಹೊತ್ತು ನಿಂತು ಕಾಯುತ್ತದೆ. ನಿಮಿಷದ ಮುಳ್ಳು ಮುಂದಕ್ಕೆ ಜಿಗಿದ ಮೇಲೆ ಮತ್ತೆ ಓಡುತ್ತದೆ. ಮುಳ್ಳು ಕಾಯುತ್ತದೆ, ರೈಲು ಕಾಯುವುದಿಲ್ಲ.

ನೀರು, ಬಾಟಲಿ, ಭಾನುವಾರ

ರೋಮ್ ನಗರದಲ್ಲಿ ನೀರಿನ ಬಾಟಲಿಗೆ ದುಡ್ಡು ಸುರಿಯಬೇಕಿಲ್ಲ. ಬೀದಿಬದಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎರಕದ ಕಬ್ಬಿಣದ ನಲ್ಲಿಕಂಬಗಳಿವೆ. ಬಾಗಿದ ಕೊಳವೆಯಿಂದಾಗಿ ಜನ ಅವನ್ನು ‘ನಸೋನೆ’, ಅಂದರೆ ದೊಡ್ಡ ಮೂಗು ಎನ್ನುತ್ತಾರೆ. ಮೂಗಿನ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ, ಬಾಯೊಡ್ಡಿ ಕುಡಿಯಬಹುದು.

ಜರ್ಮನಿಯಲ್ಲಿ ಪ್ಲಾಸ್ಟಿಕ್ ಬಾಟಲಿಯ ಪಾನೀಯ ಕೊಂಡರೆ 25 ಸೆಂಟ್ ಠೇವಣಿ ಸೇರಿಸುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಆ ಹಣ ವಾಪಸ್. ಹಿಂದಿರುಗಿಸಲು ಆಗದವರು ಕೆಲವೊಮ್ಮೆ ಬಾಟಲಿಯನ್ನು ಕಸದ ಬುಟ್ಟಿಯ ಒಳಗೆ ಎಸೆಯದೆ ಪಕ್ಕದಲ್ಲಿಡುತ್ತಾರೆ. ಆಯ್ದು ಬದುಕುವವರು ಬುಟ್ಟಿಗೆ ಕೈ ಹಾಕಬೇಕಾಗಬಾರದು ಎಂಬ ಕಾಳಜಿ ಅದು. ಮಕ್ಕಳು ಇದನ್ನು ನಮಗಿಂತ ಬೇಗ ಗಮನಿಸುತ್ತಾರೆ.

ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಹೆಚ್ಚಿನ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಬ್ರೆಡ್, ಹಣ್ಣನ್ನು ಶನಿವಾರವೇ ತಂದಿಡಿ. ಮರೆತರೆ ದೊಡ್ಡ ರೈಲು ನಿಲ್ದಾಣದ ಅಂಗಡಿಗಳೇ ಗತಿ.

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಸುಮ್ಮನಾಗದೆ, ಮಾಂಸ ಬೇಡ, ಮೀನೂ ಬೇಡ, ಸೂಪಿಗೆ ಮಾಂಸದ ರಸವೂ ಬೇಡ ಎಂದು ಬಿಡಿಸಿ ಹೇಳಬೇಕು. ಆಯಾ ದೇಶದ ಭಾಷೆಯಲ್ಲಿ ಈ ಮೂರು ಮಾತು ಬರೆದ ಚೀಟಿ ಕಿಸೆಯಲ್ಲಿರಲಿ. ಇಟಲಿಯ ಪಾರ್ಮೆಸಾನ್ ಚೀಸಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪು ಬಳಸುತ್ತಾರೆಂಬುದೂ ಗೊತ್ತಿರಲಿ.

ಹೊರಡುವ ಮೊದಲು

ಷೆಂಗೆನ್ ವೀಸಾ ಒಂದಿದ್ದರೆ 29 ದೇಶಗಳಲ್ಲಿ ಓಡಾಡಬಹುದು. ಲಕ್ಸೆಂಬರ್ಗಿನ ಷೆಂಗೆನ್ ಎಂಬ ಪುಟ್ಟ ಊರಿನಲ್ಲಿ 1985ರಲ್ಲಿ ಐದು ದೇಶಗಳು ಮಾಡಿಕೊಂಡ ಒಪ್ಪಂದದಿಂದ ಬಂದ ಸೌಲಭ್ಯವಿದು. ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿಲ್ಲ. ವೀಸಾಕ್ಕೆ ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತುರ್ತು ಸಹಾಯದ ಸಂಖ್ಯೆ ನಮ್ಮಲ್ಲಿರುವಂತೆ ಅಲ್ಲೂ 112. ಇದನ್ನೂ, ಉಳಿದುಕೊಂಡ ಜಾಗದ ವಿಳಾಸವನ್ನೂ ಬರೆದು ಪ್ರತಿ ಮಗುವಿನ ಕಿಸೆಯಲ್ಲಿಡಿ. ಜನಜಂಗುಳಿಯಲ್ಲಿ ಕೈ ತಪ್ಪಿದರೆ ನಿಂತಲ್ಲೇ ನಿಲ್ಲಬೇಕೆಂದು ಮೊದಲೇ ಹೇಳಿಕೊಡಿ. ಪಾಸ್‌ಪೋರ್ಟ್ ಬಟ್ಟೆಯೊಳಗಿನ ಚೀಲದಲ್ಲಿರಲಿ. ಜೇಬುಗಳ್ಳರು ಅಲ್ಲೂ ಇದ್ದಾರೆ.

ಉಳಿಯಲು ಯೂತ್ ಹಾಸ್ಟೆಲ್‌ಗಳನ್ನೂ ನೋಡಿ. ಹೆಸರಿನಲ್ಲಿ ಯೂತ್ ಎಂದಿದ್ದರೂ ಹಲವು ಕಡೆ ಕುಟುಂಬಕ್ಕೆ ಪ್ರತ್ಯೇಕ ಕೊಠಡಿ ಕೊಡುತ್ತಾರೆ. ಈ ಕಲ್ಪನೆ ಹುಟ್ಟಿದ್ದೇ ಒಬ್ಬ ಶಾಲಾ ಮೇಷ್ಟರಿಂದ. ಜರ್ಮನಿಯ ರಿಚರ್ಡ್ ಶಿರ್‌ಮಾನ್ 1909ರಲ್ಲಿ ಮಕ್ಕಳನ್ನು ಚಾರಣಕ್ಕೆ ಕರೆದೊಯ್ದಾಗ ಗುಡುಗು ಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆದರು. ಮಕ್ಕಳು ನಡೆದು ದೇಶ ನೋಡಲು ಇಂಥ ತಂಗುದಾಣ ಎಲ್ಲೆಡೆ ಬೇಕೆಂದು ಅವರಿಗನ್ನಿಸಿತು. 1912ರಲ್ಲಿ ಆಲ್ಟೆನಾ ಊರಿನ ಕೋಟೆಯಲ್ಲಿ ಅದು ಕೈಗೂಡಿತು.

ಇಂಥ ಹಾಸ್ಟೆಲ್‌ಗಳಲ್ಲಿ ಹಾಸಿಗೆಗೆ ಹೊದಿಕೆ ಹಾಕಿಕೊಳ್ಳುವುದು ಸಾಮಾನ್ಯವಾಗಿ ನಿಮ್ಮದೇ ಕೆಲಸ. ಹೊರಡುವ ಬೆಳಿಗ್ಗೆ ಅದನ್ನು ಕಳಚಿ ಕೊಟ್ಟುಹೋಗಬೇಕು. ಆ ಕೆಲಸ ಮಕ್ಕಳಿಗೇ ಬಿಡಿ. ಮಾಡುತ್ತಾರೆ.