ಕ್ಲೋರಿನ್ ಸೋರಿದರೆ ಎತ್ತರಕ್ಕೆ ಓಡಿ

ಸಂಕೇಶ್ವರ ದಾಟಿ ನಿಪ್ಪಾಣಿಯತ್ತ ಹೊರಟರೆ ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ ಕಣಗಲಾ ಸಿಗುತ್ತದೆ. ಇಂಥ ಹೆದ್ದಾರಿ ಬದಿಯ ಊರಿನವರಿಗೆ ಕ್ಲೋರಿನ್ ಸಾಗಿಸುವ ಟನ್ನರ್‌ನ ಗುರುತು ಇರಬೇಕು. ಲಾರಿಯಲ್ಲಿ ಅಡ್ಡಡ್ಡ ಮಲಗಿಸಿದ ಈ ಹಳದಿ ಉಕ್ಕಿನ ಪಾತ್ರೆಯೊಳಗೆ ಸುಮಾರು 900 ಕೆ.ಜಿ. ಕ್ಲೋರಿನ್ ಒತ್ತಡದಿಂದ ದ್ರವವಾಗಿರುತ್ತದೆ. ಕುಡಿಯುವ ನೀರಿಗೂ ಚರಂಡಿ ನೀರಿಗೂ ಬಳಸುವುದು ಇದನ್ನೇ. ಚರಂಡಿ ನೀರಿಗೆ ಹೆಚ್ಚು ಬೇಕು. ಅದರಲ್ಲಿರುವ ಅಮೋನಿಯಾ ಮತ್ತು ಕೊಳೆ ಮೊದಲು ಕ್ಲೋರಿನ್ ಅನ್ನು ನುಂಗಿ, ಉಳಿದದ್ದಷ್ಟೇ ರೋಗಾಣುಗಳ ಪಾಲಿಗೆ ಬರುತ್ತದೆ.

ಈ ಅನಿಲದ ಬಗ್ಗೆ ಒಂದೇ ಸಂಗತಿ ನೆನಪಿಡುವುದಾದರೆ ಅದರ ಭಾರವನ್ನು ನೆನಪಿಡಿ. ಗಾಳಿಗಿಂತ ಅದು ಎರಡೂವರೆ ಪಟ್ಟು ಭಾರ. ಸೋರಿದರೆ ನೆಲ ಹಿಡಿದು ಹರಿಯುತ್ತದೆ, ತಗ್ಗು, ಗಟಾರ, ನೆಲಮಾಳಿಗೆಗಳಲ್ಲಿ ನಿಲ್ಲುತ್ತದೆ. ಕ್ಲೋರಿನ್ ಕೋಣೆಯ ಫ್ಯಾನು ನೆಲಮಟ್ಟದಲ್ಲಿರಬೇಕು ಎನ್ನುವುದು ಇದಕ್ಕೇ. ಓಡುವವರು ಗಾಳಿ ಬೀಸಿ ಬರುವ ಕಡೆಗೆ ಅಥವಾ ಅದಕ್ಕೆ ಅಡ್ಡಲಾಗಿ, ಎತ್ತರದ ಜಾಗಕ್ಕೆ ಓಡಬೇಕು. ಬಗ್ಗಿ ತೆವಳುವುದು ಬೆಂಕಿಯ ಹೊಗೆಗೆ ಸರಿ, ಇಲ್ಲಿ ಅದು ಪ್ರಾಣಕ್ಕೇ ಕುತ್ತು.

ಸೋರುವ ಜಾಗ ಹುಡುಕಲು ಆಪರೇಟರ್‌ಗಳು ಅಮೋನಿಯಾದಲ್ಲಿ ಅದ್ದಿದ ಬಟ್ಟೆ ಹಿಡಿಯುತ್ತಾರೆ. ಕ್ಲೋರಿನ್ ಇದ್ದಲ್ಲಿ ಬಿಳಿ ಹೊಗೆ ಏಳುತ್ತದೆ. ಸೋರುವ ಬಾಯಿಗೆ ನೀರು ಹೊಡೆಯಲೇಬಾರದು. ನೀರು ಸೇರಿದರೆ ಆಮ್ಲವಾಗಿ ಉಕ್ಕನ್ನು ತಿಂದು ತೂತು ದೊಡ್ಡದಾಗುತ್ತದೆ. ಟನ್ನರ್ ಅನ್ನು ಉರುಳಿಸಿ ತೂತು ಮೇಲೆ ಬರುವಂತೆ ಮಾಡಿದರೆ ದ್ರವದ ಬದಲು ಅನಿಲ ಹೊರಡುತ್ತದೆ. ಒಂದು ಲೀಟರ್ ದ್ರವ 450 ಲೀಟರ್‌ಗೂ ಹೆಚ್ಚು ಅನಿಲವಾಗಿ ಹಬ್ಬುವುದರಿಂದ ಈ ಒಂದು ಉರುಳಿನಲ್ಲಿ ಎಷ್ಟೋ ಜೀವ ಉಳಿದೀತು. ಆದರೆ ಉಸಿರಾಟದ ಸಿಲಿಂಡರ್ ಬೆನ್ನಿಗಿಲ್ಲದೆ, ಜೊತೆಗೊಬ್ಬರಿಲ್ಲದೆ ಯಾರನ್ನೂ ಒಳಗೆ ಕಳಿಸಬಾರದು. ಕಳಿಸುವ ಅಧಿಕಾರಿಯೇ ಹೊಣೆ.

2010ರ ಜುಲೈ 14ರಂದು ಮುಂಬೈನ ಶಿವಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಕ್ಲೋರಿನ್ ಸಿಲಿಂಡರ್ ಸೋರಿ ಹತ್ತಾರು ಜನ ಆಸ್ಪತ್ರೆ ಸೇರಿದರು. ಅಗ್ನಿಶಾಮಕ ಸಿಬ್ಬಂದಿಯೂ ಅವರಲ್ಲಿದ್ದರು. ತುಕ್ಕು ಹಿಡಿದ ಸಿಲಿಂಡರ್ ಗುಜರಿಗೆ ಸೇರುವ ಸರಕಲ್ಲ, ಮಾರಿದವರಿಗೇ ಮರಳಬೇಕು.

ಸಣ್ಣ ಊರುಗಳ ನೀರು ಶುದ್ಧೀಕರಣ ಘಟಕಕ್ಕೆ ಟನ್ನರ್ ಬೇಕೇ ಎಂದೂ ಕೇಳಬೇಕು. ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದಲೂ ರೋಗಾಣು ಸಾಯುತ್ತವೆ. ಬಿಸಿಲಿಗೆ ಅದರ ಕಸುವು ಇಳಿಯುತ್ತದೆ, ಹಾಗಾಗಿ ನೆರಳಲ್ಲಿಟ್ಟು, ಕೆಲವೇ ದಿನಗಳಿಗೆ ಸಾಲುವಷ್ಟು ತರಿಸಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ ಮಾತ್ರ ಅದರ ಹತ್ತಿರ ಸುಳಿಯಕೂಡದು. ಎರಡೂ ಬೆರೆತರೆ ಹೊರಡುವುದು ಇದೇ ಕ್ಲೋರಿನ್.